ಕೂಟ ಒಡೆದಾಗ ಉಳಿದವರು

1962ರ ಸೆಪ್ಟೆಂಬರ್ 12ರಂದು ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿ ಹ್ಯೂಸ್ಟನ್ ನಗರದ ರೈಸ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ನಿಂತು, ಈ ದಶಕ ಮುಗಿಯುವುದರೊಳಗೆ ಚಂದ್ರನ ಮೇಲೆ ಮನುಷ್ಯನನ್ನು ಇಳಿಸುತ್ತೇವೆ ಎಂದು ಹೇಳಿದರು. ಚಂದ್ರನೇ ಯಾಕೆ ಎಂದು ಜನ ಕೇಳುತ್ತಾರೆ, ಹಾಗಾದರೆ ಅತಿ ಎತ್ತರದ ಬೆಟ್ಟವನ್ನೇ ಯಾಕೆ ಹತ್ತಬೇಕು ಎಂದೂ ಕೇಳಬಹುದಲ್ಲ ಎನ್ನುತ್ತ, ಅದೇ ಉಸಿರಿನಲ್ಲಿ ಇನ್ನೊಂದು ಪ್ರಶ್ನೆ ಸೇರಿಸಿದರು: ರೈಸ್ ಯಾಕೆ ಟೆಕ್ಸಾಸ್ ವಿರುದ್ಧ ಆಡುತ್ತದೆ? ಕ್ರೀಡಾಂಗಣ ನಕ್ಕು ಚಪ್ಪಾಳೆ ತಟ್ಟಿತು. ಟೈಪ್ ಮಾಡಿದ ಭಾಷಣದ ಪ್ರತಿಯಲ್ಲಿ ಆ ಸಾಲು ಇರಲಿಲ್ಲ, ಕೆನಡಿ ಅದನ್ನು ತಮ್ಮ ಕೈಯಿಂದಲೇ ಬರೆದು ಸೇರಿಸಿದ್ದರು.

ನಗುವಿಗೆ ಕಾರಣವಿತ್ತು. ರೈಸ್ ಪುಟ್ಟ ಖಾಸಗಿ ವಿಶ್ವವಿದ್ಯಾಲಯ. ಓದಿಗೆ ಹೆಸರಾದದ್ದು. ಟೆಕ್ಸಾಸ್ ಎಂದರೆ ಆಸ್ಟಿನ್‌ನಲ್ಲಿರುವ ದೈತ್ಯ, ರಾಜ್ಯದ ಹೆಮ್ಮೆ, ಫುಟ್‌ಬಾಲ್‌ನಲ್ಲಿ ದೇಶದ ಅಗ್ರಸ್ಥಾನಕ್ಕೆ ಹೊಡೆದಾಡುವ ತಂಡ. ಆದರೆ ಆ ವರ್ಷದ ಅಕ್ಟೋಬರ್ 27ರಂದು, ಇದೇ ಕ್ರೀಡಾಂಗಣದಲ್ಲಿ, ದೇಶದಲ್ಲಿ ಒಂದನೇ ಸ್ಥಾನದಲ್ಲಿದ್ದ ಟೆಕ್ಸಾಸನ್ನು ರೈಸ್ 14–14ರ ಸಮಬಲದಲ್ಲಿ ನಿಲ್ಲಿಸಿತು. ಅದು ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿನ ಅತ್ಯಂತ ಭಯಾನಕ ದಿನ. ಪ್ರಶ್ನೆ ಕೇಳಿದ ಮನುಷ್ಯ ಅಂದು ವಾಷಿಂಗ್ಟನ್ನಿನಲ್ಲಿ ಪರಮಾಣು ಯುದ್ಧವನ್ನು ತಪ್ಪಿಸುವುದು ಹೇಗೆ ಎಂದು ತಲೆ ಕೆಡಿಸಿಕೊಂಡಿದ್ದರು. ಹ್ಯೂಸ್ಟನ್ನಿನಲ್ಲಿ ಆಟ ನಡೆಯುತ್ತಿತ್ತು.

ಕೆನಡಿಯ ಪ್ರಶ್ನೆಗೆ ಕಾವ್ಯವಿಲ್ಲದ ಒಂದು ಸರಳ ಉತ್ತರವೂ ಇತ್ತು. ರೈಸ್ ಟೆಕ್ಸಾಸ್ ವಿರುದ್ಧ ಆಡುತ್ತಿದ್ದದ್ದು ಎರಡೂ ಒಂದೇ ಕಾನ್ಫರೆನ್ಸ್‌ನಲ್ಲಿ ಇದ್ದದ್ದರಿಂದ. ಗೆಲ್ಲಲಿ ಸೋಲಲಿ, ಪ್ರತಿವರ್ಷ ಆಡಲೇಬೇಕಿತ್ತು. ನಾನು ಈ ಆಟದ ಅಭಿಮಾನಿಯಲ್ಲ, ಇದರ ನಿಯಮಗಳು ಇವತ್ತಿಗೂ ನನಗೆ ಪೂರ್ತಿ ತಲೆಗೆ ಹತ್ತಿಲ್ಲ. ಆದರೆ ಈ ಕಾನ್ಫರೆನ್ಸ್ ಎಂಬ ವ್ಯವಸ್ಥೆ ಹುಟ್ಟಿದ, ಬೆಳೆದ, ಕಡೆಗೆ ಒಡೆದುಹೋದ ಕಥೆಯ ಬೆನ್ನು ಹತ್ತಿದ ಮೇಲೆ ಅದು ನನ್ನನ್ನು ಬಿಡಲಿಲ್ಲ. ನೆರೆಹೊರೆ ಎನ್ನುವುದು ಯಾವುದರಿಂದ ಆಗುತ್ತದೆ, ಯಾವುದು ಅದನ್ನು ಮುರಿಯುತ್ತದೆ ಎಂಬುದು ಕಾಣುವಷ್ಟು ನಿಚ್ಚಳವಾಗಿ ಬೇರೆ ಕಡೆ ಕಂಡದ್ದು ಕಡಿಮೆ.

ಮೊದಲು ಪದದ ವಿಚಾರ. ಕಾನ್ಫರೆನ್ಸ್ ಎಂದಾಕ್ಷಣ ನಮಗೆ ‘ಸಮ್ಮೇಳನ’ ನೆನಪಾಗುತ್ತದೆ, ಅಧ್ಯಕ್ಷರ ಮೆರವಣಿಗೆ, ಗೋಷ್ಠಿ, ಊಟದ ಸಾಲು ಕಣ್ಣ ಮುಂದೆ ಬರುತ್ತವೆ. ಇಲ್ಲಿ ಅದಲ್ಲ. ಇದು ವಿಶ್ವವಿದ್ಯಾಲಯಗಳ ಕೂಟ. ಅಕ್ಕಪಕ್ಕದ ಎಂಟೋ ಹತ್ತೋ ವಿಶ್ವವಿದ್ಯಾಲಯಗಳು ಸೇರಿ, ನಾವು ಪ್ರತಿವರ್ಷ ಪರಸ್ಪರ ಆಡುತ್ತೇವೆ, ಯಾರು ಆಡಬಹುದು ಯಾರು ಆಡಬಾರದು ಎಂಬುದಕ್ಕೆ ಒಂದೇ ನಿಯಮ ಪಾಲಿಸುತ್ತೇವೆ, ಬಂದ ಹಣದಲ್ಲಿ ಪಾಲು ಹಂಚಿಕೊಳ್ಳುತ್ತೇವೆ ಎಂದು ಮಾಡಿಕೊಂಡ ಒಪ್ಪಂದ. ಆಟವೂ ನಾವು ಕಾಲಿನಲ್ಲಿ ಆಡುವ ಫುಟ್‌ಬಾಲ್ ಅಲ್ಲ. ಎರಡೂ ತುದಿ ಚೂಪಾದ ಚೆಂಡನ್ನು ಎಸೆದು, ಹಿಡಿದು, ಹೊತ್ತು ಓಡುವ ಅಮೆರಿಕನ್ ಆಟ. ವಿದ್ಯಾರ್ಥಿಗಳು ಆಡುವ ಆಟವೇ ಆದರೂ ಮಿಶಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುತ್ತಾರೆ.

ಇಂಥ ಕೂಟಗಳಲ್ಲಿ ಹಳೆಯದು, ಹೆಸರಾದದ್ದು ಬಿಗ್ ಟೆನ್. 1895ರ ಜನವರಿಯಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಅಧ್ಯಕ್ಷ ಜೇಮ್ಸ್ ಸ್ಮಾರ್ಟ್ ಶಿಕಾಗೊ ನಗರದ ಪಾಮರ್ ಹೌಸ್ ಹೋಟೆಲಿನಲ್ಲಿ ನೆರೆಯ ವಿಶ್ವವಿದ್ಯಾಲಯಗಳ ಮುಖ್ಯಸ್ಥರ ಸಭೆ ಕರೆದರು. ಮರುವರ್ಷ ಅದು ಕೂಟವಾಯಿತು. ಅದರ ಮೊದಲ ಅಧಿಕೃತ ಹೆಸರಿನಲ್ಲಿ ಇದ್ದದ್ದು ‘ಅಧ್ಯಾಪಕ ಪ್ರತಿನಿಧಿಗಳ’ ಕೂಟ ಎಂಬ ಮಾತು. ಆಟವನ್ನು ಬೆಳೆಸುವುದು ಅವರ ಉದ್ದೇಶವಾಗಿರಲಿಲ್ಲ, ಆಟಕ್ಕೆ ಮೂಗುದಾರ ಹಾಕುವುದಾಗಿತ್ತು. ತರಗತಿಗೆ ಕಾಲಿಡದವರು, ಹಣ ಪಡೆದು ಊರೂರು ಆಡುವವರು ವಿದ್ಯಾರ್ಥಿಗಳ ಹೆಸರಿನಲ್ಲಿ ಕಣಕ್ಕೆ ಇಳಿಯುತ್ತಿದ್ದರು. ಅದನ್ನು ತಡೆಯಬೇಕಿತ್ತು. 1906ರಲ್ಲಿ ಈ ಕೂಟ ವರ್ಷಕ್ಕೆ ಐದೇ ಪಂದ್ಯ ಎಂದು ಕಟ್ಟುಪಾಡು ಹಾಕಿದಾಗ ಮಿಶಿಗನ್ ಮುನಿಸಿಕೊಂಡು ಹೊರನಡೆಯಿತು, ಸುಮಾರು ಹತ್ತು ವರ್ಷದ ನಂತರ ಮರಳಿತು. ಹಾಗಾಗಿ ಕೂಟ ಬಿಟ್ಟು ಹೋಗುವುದು ಹೊಸ ರೋಗವೇನಲ್ಲ.

ಇಲ್ಲಿ ಕನ್ನಡದ ಓದುಗರಿಗೆ ಗೊತ್ತಿರುವ ಒಂದು ಜಾಗಕ್ಕೆ ಹೋಗಿಬರಬೇಕು. ಬಿಗ್ ಟೆನ್‌ನ ಮೂಲ ಸದಸ್ಯರಲ್ಲಿ ಶಿಕಾಗೊ ವಿಶ್ವವಿದ್ಯಾಲಯವೂ ಒಂದು. ಅಮೋಸ್ ಅಲೋಂಜೊ ಸ್ಟ್ಯಾಗ್ ಎಂಬ ಕೋಚ್ 1892ರಿಂದ ನಾಲ್ಕು ದಶಕ ಅಲ್ಲಿ ತಂಡ ಕಟ್ಟಿದರು. ದೇಶದ ಅತ್ಯುತ್ತಮ ಆಟಗಾರನಿಗೆ ಕೊಡುವ, ಮುಂದೆ ಹೈಸ್ಮನ್ ಟ್ರೋಫಿ ಎಂದು ಹೆಸರಾದ ಪ್ರಶಸ್ತಿಯನ್ನು 1935ರಲ್ಲಿ ಮೊದಲು ಗೆದ್ದವನು ಶಿಕಾಗೊದ ಜೇ ಬರ್ವಾಂಗರ್. ನಾಲ್ಕೇ ವರ್ಷದಲ್ಲಿ ಎಲ್ಲ ತಲೆಕೆಳಗಾಯಿತು. 1939ರಲ್ಲಿ ಶಿಕಾಗೊ ಮಿಶಿಗನ್ನಿಗೆ 85–0, ಒಹಾಯೊ ಸ್ಟೇಟ್‌ಗೆ 61–0, ಇಲಿನಾಯ್‌ಗೆ 46–0 ಅಂತರದಲ್ಲಿ ಸೋತಿತು. ಅಧ್ಯಕ್ಷ ರಾಬರ್ಟ್ ಮೇನಾರ್ಡ್ ಹಚಿನ್ಸ್ ಆ ಡಿಸೆಂಬರಿನಲ್ಲಿ ಫುಟ್‌ಬಾಲ್ ತಂಡವನ್ನೇ ರದ್ದು ಮಾಡಿದರು. 1946ರಲ್ಲಿ ಶಿಕಾಗೊ ಬಿಗ್ ಟೆನ್‌ನಿಂದಲೂ ಹೊರಬಂತು. ಖಾಲಿ ಬಿದ್ದ ಸ್ಟ್ಯಾಗ್ ಮೈದಾನದ ಪಶ್ಚಿಮದ ಮೆಟ್ಟಿಲುಗಳ ಅಡಿಯಲ್ಲಿ 1942ರ ಡಿಸೆಂಬರ್ 2ರಂದು ಎನ್ರಿಕೊ ಫೆರ್ಮಿ ಮತ್ತು ಸಂಗಡಿಗರು ಜಗತ್ತಿನ ಮೊದಲ ನಿಯಂತ್ರಿತ ಪರಮಾಣು ಸರಣಿ ಕ್ರಿಯೆಯನ್ನು ನಡೆಸಿದರು. ಆಮೇಲೆ ಮೈದಾನವನ್ನು ಕೆಡವಿ, ಅದೇ ಜಾಗದಲ್ಲಿ ರೀಗನ್‌ಸ್ಟೈನ್ ಗ್ರಂಥಾಲಯ ಕಟ್ಟಿದರು. ಅದು ತೆರೆದದ್ದು 1970ರಲ್ಲಿ. ಎ.ಕೆ. ರಾಮಾನುಜನ್ 1960ರ ದಶಕದ ಆರಂಭದಿಂದ 1993ರಲ್ಲಿ ತೀರಿಕೊಳ್ಳುವ ತನಕ ಪಾಠ ಹೇಳಿದ್ದು ಈ ವಿಶ್ವವಿದ್ಯಾಲಯದಲ್ಲೇ. ದಕ್ಷಿಣ ಏಷ್ಯಾದ ಪುಸ್ತಕ ಸಂಗ್ರಹ ಇರುವುದೂ ಆ ಗ್ರಂಥಾಲಯದಲ್ಲೇ. ಒಂದು ಕಾಲಕ್ಕೆ ಸಾವಿರಾರು ಜನ ಕೂಗಿದ್ದ ಜಾಗದಲ್ಲಿ ಈಗ ಕನ್ನಡ ಪುಸ್ತಕಗಳು ಸದ್ದಿಲ್ಲದೆ ಕೂತಿವೆ ಎಂದು ನೆನೆದರೆ ನನಗೆ ಖುಷಿಯಾಗುತ್ತದೆ.

ಶಿಕಾಗೊ ತಾನಾಗಿ ಎದ್ದು ಹೋಯಿತು. ನನ್ನ ಕಥೆ ಇರುವುದು ಎದ್ದು ಹೋದವರದ್ದಲ್ಲ, ಬೇರೆಯವರು ಎದ್ದು ಹೋದಾಗ ಕುರ್ಚಿಯಲ್ಲೇ ಉಳಿದವರದ್ದು. ಅದಕ್ಕೆ ಟೆಲಿವಿಷನ್ ಬರಬೇಕಾಯಿತು.

1950ರ ದಶಕದ ಆರಂಭದಲ್ಲಿ ಟಿ.ವಿ. ಬಂದಾಗ ವಿಶ್ವವಿದ್ಯಾಲಯಗಳಿಗೆ ಇದ್ದದ್ದು ಆಸೆಯಲ್ಲ, ಹೆದರಿಕೆ. ಮನೆಯಲ್ಲೇ ಪಂದ್ಯ ಕಂಡರೆ ಟಿಕೆಟ್ ಕೊಳ್ಳುವವರು ಯಾರು? ಆದ್ದರಿಂದ ಕಾಲೇಜು ಕ್ರೀಡೆಯನ್ನು ಆಳುವ ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎ ಪ್ರಸಾರವನ್ನು ತನ್ನ ಮುಷ್ಟಿಯಲ್ಲಿ ಇಟ್ಟುಕೊಂಡಿತು. ವಾರಕ್ಕೆ ಇಷ್ಟೇ ಪಂದ್ಯ, ಒಂದು ತಂಡ ಇಷ್ಟೇ ಸಲ ಕಾಣಿಸಿಕೊಳ್ಳಬೇಕು ಎಂದು ಲೆಕ್ಕ ಹಾಕಿ ಹಂಚುತ್ತಿತ್ತು. ಈ ಪಡಿತರ ವ್ಯವಸ್ಥೆ ಎಷ್ಟು ವಿಚಿತ್ರವಾಗಿತ್ತು ಎನ್ನುವುದಕ್ಕೆ 1981ರ ಒಂದು ವಾರಾಂತ್ಯದ ಉದಾಹರಣೆ ನ್ಯಾಯಾಲಯದ ತೀರ್ಪಿನಲ್ಲೇ ದಾಖಲಾಗಿದೆ. ಒಕ್ಲಹೋಮ ಮತ್ತು ಸದರ್ನ್ ಕ್ಯಾಲಿಫೋರ್ನಿಯಾ ತಂಡಗಳ ಪಂದ್ಯ ಇನ್ನೂರಕ್ಕೂ ಹೆಚ್ಚು ಕೇಂದ್ರಗಳಲ್ಲಿ ಪ್ರಸಾರವಾಯಿತು. ಸಿಟಡೆಲ್ ಮತ್ತು ಅಪಲಾಚಿಯನ್ ಸ್ಟೇಟ್ ಎಂಬ ಚಿಕ್ಕ ತಂಡಗಳ ಪಂದ್ಯ ನಾಲ್ಕೇ ಕೇಂದ್ರಗಳಲ್ಲಿ. ನಾಲ್ಕೂ ತಂಡಕ್ಕೆ ಸಿಕ್ಕ ಹಣ ಒಂದೇ.

ದೊಡ್ಡವರಿಗೆ ಇದು ಸಹಿಸಲಿಲ್ಲ. ಒಕ್ಲಹೋಮ ಮತ್ತು ಜಾರ್ಜಿಯಾ ಮೊಕದ್ದಮೆ ಹೂಡಿದವು. 1984ರ ಜೂನ್ 27ರಂದು ಸುಪ್ರೀಂ ಕೋರ್ಟ್ 7–2ರ ಬಹುಮತದಲ್ಲಿ, ಎನ್‌ಸಿಎಎ ಮಾಡುತ್ತಿರುವುದು ಪೈಪೋಟಿಯನ್ನು ಹತ್ತಿಕ್ಕುವ ಕೆಲಸ, ಅದು ಕಾನೂನುಬಾಹಿರ ಎಂದಿತು. ಭಿನ್ನಮತ ಬರೆದವರು ನ್ಯಾಯಮೂರ್ತಿ ಬೈರನ್ ವೈಟ್. ಆ ಪೀಠದಲ್ಲಿ ಈ ಆಟವನ್ನು ಬಲ್ಲವರೆಂದರೆ ಅವರೇ. 1930ರ ದಶಕದಲ್ಲಿ ಕೊಲರಾಡೊ ವಿಶ್ವವಿದ್ಯಾಲಯದ ಖ್ಯಾತ ಆಟಗಾರರಾಗಿದ್ದವರು, ಆಮೇಲೆ ವೃತ್ತಿಪರವಾಗಿಯೂ ಆಡಿದವರು. ವಿಶ್ವವಿದ್ಯಾಲಯದ ಆಟವನ್ನು ಬರಿಯ ವ್ಯಾಪಾರದ ತಕ್ಕಡಿಯಲ್ಲಿ ತೂಗಬಾರದು, ಅದಕ್ಕೆ ಶಿಕ್ಷಣದ ಉದ್ದೇಶವೂ ಇದೆ, ಈ ಕಟ್ಟುಪಾಡುಗಳು ಅದನ್ನು ಕಾಯುತ್ತವೆ ಎಂಬುದು ಅವರ ವಾದ. ತೀರ್ಪು ಕಾನೂನಿನ ದೃಷ್ಟಿಯಿಂದ ಸರಿ ಎಂದೇ ನನ್ನ ಎಣಿಕೆ. ಆದರೆ ಮುಂದೆ ಏನಾಗುತ್ತದೆ ಎಂಬುದನ್ನು ಕಂಡವರು ವೈಟ್.

ತಕ್ಷಣಕ್ಕೆ ಆದದ್ದು ತಮಾಷೆ. ಎಲ್ಲರೂ ಒಮ್ಮೆಗೇ ಸಂತೆಗೆ ಮಾಲು ತಂದರೆ ಬೆಲೆ ಕುಸಿಯುವಂತೆ, ಪ್ರಸಾರ ಹಕ್ಕಿನ ಬೆಲೆ ಇಳಿಯಿತು. ಹಾಗಾದರೆ ಒಬ್ಬೊಬ್ಬರಾಗಿ ಮಾರುವುದಲ್ಲ, ಗುಂಪಾಗಿ ಮಾರಬೇಕು ಎಂದು ಎಲ್ಲರಿಗೂ ಹೊಳೆಯಿತು. ಯಾವ ಗುಂಪಿನಲ್ಲಿ ಹೆಚ್ಚು ಟಿ.ವಿ. ಇರುವ ಮನೆಗಳಿವೆಯೋ ಅದಕ್ಕೆ ಹೆಚ್ಚು ಬೆಲೆ. ಅಲ್ಲಿಯ ತನಕ ರೈಲು ದಾರಿ, ಬಸ್ಸಿನ ದಾರಿ ನೋಡಿ ಕಟ್ಟಿದ್ದ ಕೂಟಗಳನ್ನು ಇನ್ನು ಮುಂದೆ ಟಿ.ವಿ. ಮಾರುಕಟ್ಟೆಯ ನಕ್ಷೆ ನೋಡಿ ಕಟ್ಟುವ ಕಾಲ ಬಂತು.

ಇದಕ್ಕೆ ಮೊದಲು ಬಲಿಯಾದದ್ದು ರೈಸ್ ಇದ್ದ ಕೂಟ, ಸೌತ್‌ವೆಸ್ಟ್ ಕಾನ್ಫರೆನ್ಸ್. 1914ರಲ್ಲಿ ಡಲ್ಲಾಸ್‌ನಲ್ಲಿ ಹುಟ್ಟಿದ್ದು. ಕೊನೆಯ ದಶಕಗಳಲ್ಲಿ ಅದರಲ್ಲಿ ಒಂಬತ್ತು ತಂಡಗಳಿದ್ದವು. ಅರ್ಕನ್ಸಾ ಒಂದನ್ನು ಬಿಟ್ಟರೆ ಉಳಿದ ಎಂಟೂ ಟೆಕ್ಸಾಸ್ ರಾಜ್ಯದ ಒಳಗೇ: ಟೆಕ್ಸಾಸ್, ಟೆಕ್ಸಾಸ್ ಎ ಅಂಡ್ ಎಂ, ಟೆಕ್ಸಾಸ್ ಟೆಕ್, ಹ್ಯೂಸ್ಟನ್, ಬ್ಯಾಪ್ಟಿಸ್ಟರ ಬೇಲರ್, ಮೆಥಡಿಸ್ಟರ ಎಸ್‌ಎಂಯು, ಟಿಸಿಯು ಎಂದು ಕರೆಸಿಕೊಳ್ಳುವ ಟೆಕ್ಸಾಸ್ ಕ್ರಿಶ್ಚಿಯನ್, ಮತ್ತು ರೈಸ್. ಒಂದೇ ಕಚೇರಿಯಲ್ಲಿ, ಒಂದೇ ಚರ್ಚಿನಲ್ಲಿ, ಒಂದೇ ಮನೆಯಲ್ಲಿ ಬೇರೆ ಬೇರೆ ತಂಡದವರು ಇರುತ್ತಿದ್ದರು. ಸೋತವರು ಸೋಮವಾರ ಗೆದ್ದವರ ಮುಖ ನೋಡಲೇಬೇಕಿತ್ತು. ದೇಶಕ್ಕೆಲ್ಲ ಕಾಣುವಂಥ ಪಂದ್ಯಗಳೂ ಅಲ್ಲಿ ಆದವು. 1969ರ ಡಿಸೆಂಬರ್ 6ರಂದು ಟೆಕ್ಸಾಸ್ 15–14ರಲ್ಲಿ ಅರ್ಕನ್ಸಾವನ್ನು ಸೋಲಿಸಿದಾಗ ಅಧ್ಯಕ್ಷ ನಿಕ್ಸನ್ ಕ್ರೀಡಾಂಗಣದಲ್ಲೇ ಕೂತಿದ್ದರು.

ಅದನ್ನು ಚಿನ್ನದ ಕಾಲ ಎನ್ನಲು ಮಾತ್ರ ನನಗೆ ನಾಲಿಗೆ ಏಳುವುದಿಲ್ಲ. ಅಂದು ನಿಕ್ಸನ್ ನೋಡಿದ ಟೆಕ್ಸಾಸ್ ತಂಡದಲ್ಲಿ ಒಬ್ಬನೇ ಒಬ್ಬ ಕಪ್ಪು ಆಟಗಾರ ಇರಲಿಲ್ಲ. ಎಲ್ಲರೂ ಬಿಳಿಯರೇ ಇದ್ದ ಕೊನೆಯ ರಾಷ್ಟ್ರೀಯ ಚಾಂಪಿಯನ್ ತಂಡ ಅದು. ಎಸ್‌ಎಂಯು ತಂಡಕ್ಕೆ ಜೆರ್ರಿ ಲೆವಿಯಾಸ್, ಬೇಲರ್ ತಂಡಕ್ಕೆ ಜಾನ್ ವೆಸ್ಟ್‌ಬ್ರೂಕ್ ಎಂಬ ಕಪ್ಪು ಹುಡುಗರು ಕಾಲಿಟ್ಟದ್ದು 1966ರಲ್ಲಿ, ಕೂಟ ಹುಟ್ಟಿ ಐವತ್ತು ವರ್ಷವಾದ ಮೇಲೆ. ಇನ್ನು ಹಣದ ವಿಚಾರ. 1980ರ ದಶಕದಲ್ಲಿ ಈ ಕೂಟದ ತಂಡಗಳು ಆಟಗಾರರಿಗೆ ಗುಟ್ಟಾಗಿ ದುಡ್ಡು ಕೊಡುವುದರಲ್ಲಿ ಒಂದನ್ನೊಂದು ಮೀರಿಸಿದವು, ಒಬ್ಬರ ಮೇಲೊಬ್ಬರು ಚಾಡಿ ಹೇಳಿದವು. ನೆರೆಯವರಾದ್ದರಿಂದ ಒಬ್ಬರ ಗುಟ್ಟು ಇನ್ನೊಬ್ಬರಿಗೆ ಗೊತ್ತಿರುತ್ತಿತ್ತಲ್ಲ. 1987ರ ಫೆಬ್ರವರಿಯಲ್ಲಿ ಎನ್‌ಸಿಎಎ ಎಸ್‌ಎಂಯು ತಂಡದ ಇಡೀ ಋತುವನ್ನೇ ರದ್ದು ಮಾಡಿತು. ಇದಕ್ಕೆ ಅಮೆರಿಕದ ಪತ್ರಿಕೆಗಳು ಕೊಟ್ಟ ಹೆಸರು ‘ಮರಣದಂಡನೆ’. ಸಿಕ್ಕಿಬಿದ್ದ ಮೇಲೂ ಕೆಲವು ಆಟಗಾರರಿಗೆ ಹಣ ಮುಂದುವರಿಸುವ ತೀರ್ಮಾನಕ್ಕೆ ಒಪ್ಪಿಗೆ ಕೊಟ್ಟಿದ್ದಾಗಿ, ವಿಶ್ವವಿದ್ಯಾಲಯದ ಆಡಳಿತ ಮಂಡಳಿಯ ಮುಖ್ಯಸ್ಥರಾಗಿದ್ದ ಬಿಲ್ ಕ್ಲೆಮೆಂಟ್ಸ್ ಒಪ್ಪಿಕೊಂಡರು. ಒಪ್ಪಿಕೊಳ್ಳುವ ಹೊತ್ತಿಗೆ ಅವರು ಟೆಕ್ಸಾಸ್ ರಾಜ್ಯದ ಗವರ್ನರ್!

ಮೊದಲು ಬಾಗಿಲು ತೆಗೆದದ್ದು ಅರ್ಕನ್ಸಾ. 1990ರ ಆಗಸ್ಟ್‌ನಲ್ಲಿ ತಾನು ಆಗ್ನೇಯ ರಾಜ್ಯಗಳ ಎಸ್‌ಇಸಿ ಕೂಟಕ್ಕೆ ಹೋಗುವುದಾಗಿ ಪ್ರಕಟಿಸಿತು. ಎಸ್‌ಇಸಿಗೆ ಹನ್ನೆರಡು ತಂಡ ಬೇಕಿತ್ತು. ಹನ್ನೆರಡು ತಂಡವಿದ್ದು ಎರಡು ವಿಭಾಗ ಮಾಡಿಕೊಂಡ ಕೂಟ ಹೆಚ್ಚುವರಿಯಾಗಿ ಒಂದು ಫೈನಲ್ ಪಂದ್ಯ ಆಡಬಹುದು ಎಂಬ ನಿಯಮ ಪುಸ್ತಕದಲ್ಲಿತ್ತು. ಅದು ಬಂದದ್ದು ಕೆಳ ದರ್ಜೆಯ ಚಿಕ್ಕ ಕಾಲೇಜುಗಳ ಕೋರಿಕೆಯ ಮೇರೆಗೆ. ದೊಡ್ಡವರು ಅದನ್ನು ಎತ್ತಿಕೊಂಡು 1992ರ ಡಿಸೆಂಬರಿನಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಮೊದಲ ಫೈನಲ್ ಆಡಿದರು, ಅಲಬಾಮಾ 28–21ರಲ್ಲಿ ಫ್ಲಾರಿಡಾವನ್ನು ಸೋಲಿಸಿತು. ಹನ್ನೆರಡು ಎಂಬ ಸಂಖ್ಯೆಗೆ ಅಂದಿನಿಂದ ಬೆಲೆ ಬಂತು.

ಅರ್ಕನ್ಸಾ ಹೋದ ಮೇಲೆ ಸೌತ್‌ವೆಸ್ಟ್ ಒಂದೇ ರಾಜ್ಯದ ಕೂಟವಾಯಿತು. ಒಂದೇ ರಾಜ್ಯದ ಟಿ.ವಿ. ಮಾರುಕಟ್ಟೆಗೆ ಎಷ್ಟು ಬೆಲೆ ಬಂದೀತು? 1994ರ ಫೆಬ್ರವರಿಯಲ್ಲಿ ಟೆಕ್ಸಾಸ್ ಮತ್ತು ಟೆಕ್ಸಾಸ್ ಎ ಅಂಡ್ ಎಂ ಉತ್ತರದ ಬಿಗ್ ಎಯ್ಟ್ ಕೂಟದ ಜೊತೆ ಸೇರಲು ಸಿದ್ಧವಾದವು. ಇಲ್ಲಿ ರಾಜಕೀಯ ಕೈ ಹಾಕಿತು. ರಾಜ್ಯದ ಲೆಫ್ಟಿನೆಂಟ್ ಗವರ್ನರ್ ಬಾಬ್ ಬುಲಕ್ ಟೆಕ್ಸಾಸ್ ಟೆಕ್‌ನಲ್ಲಿ ಓದಿ ಬೇಲರ್‌ನಲ್ಲಿ ಕಾನೂನು ಕಲಿತವರು. ಗವರ್ನರ್ ಆನ್ ರಿಚರ್ಡ್ಸ್ ಬೇಲರ್‌ನ ಹಳೆಯ ವಿದ್ಯಾರ್ಥಿನಿ. ರಾಜ್ಯ ಸೆನೆಟ್ ಬುಲಕ್ ಅವರ ಕೈಯಲ್ಲಿತ್ತು, ವಿಶ್ವವಿದ್ಯಾಲಯಗಳ ಅನುದಾನ ಸೆನೆಟ್‌ನ ಕೈಯಲ್ಲಿತ್ತು. ಹೋಗುವುದಾದರೆ ಟೆಕ್ ಮತ್ತು ಬೇಲರ್ ಎರಡನ್ನೂ ಕರೆದುಕೊಂಡೇ ಹೋಗಬೇಕು ಎಂದು ಅವರು ಎರಡೂ ದೊಡ್ಡ ವಿಶ್ವವಿದ್ಯಾಲಯಗಳ ಮುಖ್ಯಸ್ಥರಿಗೆ ಮುಖದ ಮೇಲೆ ಹೇಳಿದರು ಎಂಬ ಕಥೆಯನ್ನು ಟೆಕ್ಸಾಸಿನವರು ಇಂದಿಗೂ ಹೇಳುತ್ತಾರೆ. ಹಾಗೆಯೇ ಆಯಿತು. ನಾಲ್ವರು ಹೋದರು, ಬಿಗ್ 12 ಹುಟ್ಟಿತು. ರೈಸ್, ಟಿಸಿಯು, ಎಸ್‌ಎಂಯು, ಹ್ಯೂಸ್ಟನ್ ಪರವಾಗಿ ವಾದಿಸುವ ಬುಲಕ್ ಯಾರೂ ಇರಲಿಲ್ಲ.

ಆ ವರ್ಷದ ಅಕ್ಟೋಬರಿನಲ್ಲಿ, ಕೂಟದ ಸಾವು ಆಗಲೇ ಗೊತ್ತಾಗಿದ್ದಾಗ, ರೈಸ್ 19–17ರಲ್ಲಿ ಟೆಕ್ಸಾಸನ್ನು ಸೋಲಿಸಿತು. 1965ರ ನಂತರ ಅದೇ ಮೊದಲ ಗೆಲುವು. ಇಂಥ ಗೆಲುವುಗಳಿಂದ ಟಿ.ವಿ. ಲೆಕ್ಕಾಚಾರ ಬದಲಾಗುವುದಿಲ್ಲ ಎನ್ನುವುದು ಬೇರೆ ಮಾತು. 1995ರ ಡಿಸೆಂಬರ್ 2ರಂದು ಸೌತ್‌ವೆಸ್ಟ್ ಕೂಟದ ಕಟ್ಟಕಡೆಯ ಫುಟ್‌ಬಾಲ್ ಪಂದ್ಯದಲ್ಲಿ ಹ್ಯೂಸ್ಟನ್ 18–17ರಲ್ಲಿ ರೈಸನ್ನು ಸೋಲಿಸಿತು. ಕೆನಡಿ ಪ್ರಶ್ನೆ ಕೇಳಿದ್ದ ಅದೇ ಕ್ರೀಡಾಂಗಣದಲ್ಲಿ.

ಉಳಿದ ನಾಲ್ವರ ಮುಂದಿನ ದಾರಿ ಅಲೆಮಾರಿಗಳದ್ದು. ಹ್ಯೂಸ್ಟನ್ ಹೊಸದಾಗಿ ಹುಟ್ಟಿದ ಕಾನ್ಫರೆನ್ಸ್ ಯುಎಸ್‌ಎ ಸೇರಿತು. ಉಳಿದ ಮೂವರು ಹೋದದ್ದು ಪಶ್ಚಿಮದ ಡಬ್ಲ್ಯುಎಸಿ ಎಂಬ ಕೂಟಕ್ಕೆ. ಅದು ಹದಿನಾರು ತಂಡಗಳಿಗೆ ಉಬ್ಬಿ, ಟೆಕ್ಸಾಸ್‌ನಿಂದ ಹವಾಯಿಯ ತನಕ ಚಾಚಿಕೊಂಡಿತು. ಎರಡೇ ವರ್ಷ. 1998ರಲ್ಲಿ ಐದು ವಿಶ್ವವಿದ್ಯಾಲಯಗಳ ಅಧ್ಯಕ್ಷರು ಡೆನ್ವರ್ ವಿಮಾನ ನಿಲ್ದಾಣದಲ್ಲಿ ಸೇರಿ ಒಳಗೊಳಗೇ ಮಾತಾಡಿಕೊಂಡು, ಎಂಟು ತಂಡಗಳು ಒಟ್ಟಿಗೆ ಎದ್ದುಹೋದವು. ಬಿಟ್ಟುಹೋದವರ ಪಾಲಿಗೆ ಮತ್ತೊಮ್ಮೆ ಬಿಟ್ಟುಹೋಗುವಿಕೆ. ಟಿಸಿಯು ಕೂಟದಿಂದ ಕೂಟಕ್ಕೆ ಹಾರುತ್ತ, ಪ್ರತಿಸಲ ಗೆಲ್ಲುತ್ತ, 2012ರಲ್ಲಿ ಬಿಗ್ 12 ಒಳಗೆ ಬಂತು. ಹ್ಯೂಸ್ಟನ್ 2023ರಲ್ಲಿ. ಎಸ್‌ಎಂಯು 2024ರಲ್ಲಿ ಅಟ್ಲಾಂಟಿಕ್ ಕೋಸ್ಟ್ ಕೂಟಕ್ಕೆ ಹೋಯಿತು. ಅದಕ್ಕೆ ತೆತ್ತ ಬೆಲೆ, ಒಂಬತ್ತು ವರ್ಷ ಕೂಟದ ಟಿ.ವಿ. ಹಣದಲ್ಲಿ ಪಾಲು ಬೇಡ ಎಂಬ ಮಾತು. ಡಲ್ಲಾಸ್‌ನ ಶ್ರೀಮಂತ ಹಳೆಯ ವಿದ್ಯಾರ್ಥಿಗಳು ಆ ನಷ್ಟ ತುಂಬಿಕೊಡುತ್ತೇವೆ ಎಂದರು. ರೈಸ್ ಮಾತ್ರ ಇನ್ನೂ ಹೊರಗೇ ಇದೆ.

ಈ ಕೂಟಗಳ ಹೆಸರು ಎಣಿಕೆಗೆ ಹೊಂದುತ್ತದೆ ಎಂದುಕೊಳ್ಳಬೇಡಿ. ಪೆನ್ ಸ್ಟೇಟ್ ಬಂದ ಮೇಲೆ ಬಿಗ್ ಟೆನ್‌ನಲ್ಲಿ ಹನ್ನೊಂದು ತಂಡಗಳಾದವು. ಹೆಸರು ಬಿಡಲು ಮನಸ್ಸಿಲ್ಲದೆ, ಲಾಂಛನದ ಅಕ್ಷರಗಳ ಸಂದಿಯಲ್ಲಿ 11 ಎಂಬ ಅಂಕಿಯನ್ನು ಅಡಗಿಸಿಟ್ಟರು. 2011ರಲ್ಲಿ ನೆಬ್ರಾಸ್ಕಾ ಬಿಗ್ 12 ಬಿಟ್ಟು ಬಿಗ್ ಟೆನ್ ಸೇರಿದಾಗ ಬಿಗ್ ಟೆನ್‌ನಲ್ಲಿ ಹನ್ನೆರಡು, ಬಿಗ್ 12ರಲ್ಲಿ ಹತ್ತು ತಂಡಗಳಿದ್ದವು. ಈಗ ಬಿಗ್ ಟೆನ್‌ನಲ್ಲಿ ಹದಿನೆಂಟು.

ಒಂದೊಂದು ವಲಸೆಯ ಜೊತೆಗೂ ಒಂದೊಂದು ಹಳೆಯ ಜಗಳ ನಿಂತುಹೋಯಿತು. ಕ್ಯಾನ್ಸಸ್ ಮತ್ತು ಮಿಸೌರಿ 1891ರಿಂದ ಆಡುತ್ತಿದ್ದವು. ಆ ಹಗೆಯ ಬೇರು ಗುಲಾಮಗಿರಿಯ ಪ್ರಶ್ನೆಗೆ ಆ ಗಡಿಯಲ್ಲಿ ಹರಿದ ರಕ್ತದಲ್ಲಿತ್ತು. 1863ರಲ್ಲಿ ಮಿಸೌರಿ ಕಡೆಯಿಂದ ಬಂದ ಕ್ವಾಂಟ್ರಿಲ್‌ನ ದಂಡು, ಮುಂದೆ ಕ್ಯಾನ್ಸಸ್ ವಿಶ್ವವಿದ್ಯಾಲಯ ತಲೆಯೆತ್ತಲಿದ್ದ ಲಾರೆನ್ಸ್ ಊರನ್ನು ಸುಟ್ಟಿತ್ತು. ಮಿಸೌರಿ ಎಸ್‌ಇಸಿ ಸೇರಿದ್ದೇ ತಡ, 2011ರ ನಂತರ ಫುಟ್‌ಬಾಲ್ ಪಂದ್ಯ ನಿಂತಿತು, 2025ರ ತನಕ. ಟೆಕ್ಸಾಸ್ ಮತ್ತು ಟೆಕ್ಸಾಸ್ ಎ ಅಂಡ್ ಎಂ 1894ರಿಂದ ಆಡಿದವು. 2011ರ ನವೆಂಬರಿನಲ್ಲಿ ಟೆಕ್ಸಾಸ್ 27–25ರಲ್ಲಿ ಗೆದ್ದಿತು, ಎ ಅಂಡ್ ಎಂ ಎಸ್‌ಇಸಿಗೆ ಹೋಯಿತು. ಆಮೇಲೆ ಹನ್ನೆರಡು ಋತುಗಳ ಕಾಲ ಆ ಎರಡು ತಂಡ ಮುಖಾಮುಖಿಯಾಗಲಿಲ್ಲ. ಮತ್ತೆ ಆಡಿದ್ದು 2024ರಲ್ಲಿ, ಟೆಕ್ಸಾಸ್ ತಾನೂ ಅದೇ ಎಸ್‌ಇಸಿ ಸೇರಿದ ಮೇಲೆ. ಮೂವತ್ತು ವರ್ಷ ಸುತ್ತಿ ಬಳಸಿ ಟೆಕ್ಸಾಸ್, ಎ ಅಂಡ್ ಎಂ, ಅರ್ಕನ್ಸಾ ಮೂರೂ ಒಂದೇ ಸೂರಿನಡಿ ಬಂದಿವೆ. ಹಳೆಯ ಮನೆಯನ್ನು ಕೆಡವಿ, ಬೇರೆಯವರ ಮನೆಯಲ್ಲಿ ಅಣ್ಣತಮ್ಮಂದಿರು ಬಾಡಿಗೆಗೆ ಕೂಡಿದ ಹಾಗೆ.

ಆದರೆ 2023ರ ಆಗಸ್ಟ್‌ನಲ್ಲಿ ಆದದ್ದರ ಮುಂದೆ ಇದೆಲ್ಲ ಸಣ್ಣದು. ಪಶ್ಚಿಮ ಕರಾವಳಿಯ ಪ್ಯಾಕ್-12 ಕೂಟದ ಬೇರು 1915ರ ಡಿಸೆಂಬರಿನಲ್ಲಿ ಪೋರ್ಟ್‌ಲ್ಯಾಂಡ್ ನಗರದಲ್ಲಿ ನಡೆದ ಸಭೆಯಲ್ಲಿದೆ. ಸ್ಟ್ಯಾನ್‌ಫರ್ಡ್, ಬರ್ಕ್ಲಿ, ಯುಸಿಎಲ್‌ಎ ಎಂದು ನಮ್ಮ ಮಕ್ಕಳ ಬಾಯಲ್ಲೂ ಓಡಾಡುವ ಹೆಸರುಗಳೆಲ್ಲ ಅದರಲ್ಲಿದ್ದವು. 2022ರ ಜೂನ್ 30ರಂದು ಲಾಸ್ ಏಂಜಲಿಸ್‌ನ ಎರಡು ವಿಶ್ವವಿದ್ಯಾಲಯಗಳು, ಯುಎಸ್‌ಸಿ ಮತ್ತು ಯುಸಿಎಲ್‌ಎ, ಬಿಗ್ ಟೆನ್ ಸೇರುವುದಾಗಿ ಹೇಳಿದವು. ಏಳೇ ವಾರದಲ್ಲಿ ಬಿಗ್ ಟೆನ್ ಮೂರು ಟಿ.ವಿ. ಜಾಲಗಳೊಡನೆ ಏಳು ವರ್ಷಕ್ಕೆ 700 ಕೋಟಿ ಡಾಲರಿಗೂ ಮೀರಿದ ಒಪ್ಪಂದ ಮಾಡಿಕೊಂಡಿತು. ಉಳಿದ ಹತ್ತು ತಂಡಗಳು ತಮ್ಮ ಟಿ.ವಿ. ಒಪ್ಪಂದಕ್ಕಾಗಿ ಒಂದು ವರ್ಷ ಕಾದವು. ಕಡೆಗೆ ಮುಂದೆ ಬಂದದ್ದು ಆ್ಯಪಲ್ ಕಂಪನಿಯ ಪ್ರಸ್ತಾಪ. ಎಷ್ಟು ಜನ ಚಂದಾ ಕಟ್ಟುತ್ತಾರೋ ಅದರ ಮೇಲೆ ಹಣ. ಕೊಲರಾಡೊ ಜುಲೈನಲ್ಲೇ ಹೊರಟಿತ್ತು. ಆಗಸ್ಟ್ 4ರಂದು ಒಂದೇ ದಿನ ಐದು ತಂಡಗಳು ಹೊರಟವು: ವಾಷಿಂಗ್ಟನ್ ಮತ್ತು ಆರೆಗನ್ ಬಿಗ್ ಟೆನ್‌ಗೆ, ಅರಿಜೋನದ ಎರಡು ತಂಡಗಳು ಮತ್ತು ಯೂಟಾ ಬಿಗ್ 12ಕ್ಕೆ. ಸೆಪ್ಟೆಂಬರ್ 1ರಂದು ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಅಟ್ಲಾಂಟಿಕ್ ಕೋಸ್ಟ್ ಕೂಟ ಸೇರಿದವು. ಪೆಸಿಫಿಕ್ ಸಮುದ್ರದ ದಡದ ವಿಶ್ವವಿದ್ಯಾಲಯಗಳು, ಅಟ್ಲಾಂಟಿಕ್ ದಡದ ಹೆಸರಿನ ಕೂಟ! ಭೂಗೋಳದ ಮೇಷ್ಟ್ರುಗಳು ಏನು ಹೇಳುತ್ತಾರೋ.

ಉಳಿದದ್ದು ಎರಡು. ಗೋಧಿ ಹೊಲಗಳ ನಡುವಿನ ಪುಲ್‌ಮನ್ ಎಂಬ ಚಿಕ್ಕ ಊರಿನ ವಾಷಿಂಗ್ಟನ್ ಸ್ಟೇಟ್, ಮತ್ತು ಆರೆಗನ್ನಿನ ಕೊರ್ವಾಲಿಸ್‌ನ ಆರೆಗನ್ ಸ್ಟೇಟ್. ಎರಡೂ ಮೂಲದಲ್ಲಿ ಕೃಷಿ ಕಾಲೇಜುಗಳು. ಆರೆಗನ್ ಸ್ಟೇಟ್ 1915ರ ಸಭೆಯ ನಾಲ್ಕು ಸ್ಥಾಪಕರಲ್ಲಿ ಒಂದು. ಎರಡೂ ಚೆನ್ನಾಗಿ ಆಡುತ್ತಿದ್ದವು. ಆರೆಗನ್ ಸ್ಟೇಟ್ 16 ಕೋಟಿ ಡಾಲರಿಗೂ ಹೆಚ್ಚು ಖರ್ಚು ಮಾಡಿ ತನ್ನ ಕ್ರೀಡಾಂಗಣವನ್ನು ಆಗಷ್ಟೇ ಹೊಸದು ಮಾಡಿತ್ತು. ಅವುಗಳ ತಪ್ಪು ಒಂದೇ, ಹತ್ತಿರದಲ್ಲಿ ದೊಡ್ಡ ಊರು ಇಲ್ಲದಿರುವುದು. ಇಎಸ್‌ಪಿಎನ್‌ನ ಶನಿವಾರ ಬೆಳಗಿನ ಜನಪ್ರಿಯ ಕಾರ್ಯಕ್ರಮ ದೇಶದ ಯಾವ ಊರಿನಿಂದ ಬಂದರೂ ಅದರ ಹಿನ್ನೆಲೆಯ ಗುಂಪಿನಲ್ಲಿ 2003ರಿಂದ ವಾಷಿಂಗ್ಟನ್ ಸ್ಟೇಟ್‌ನ ಬಾವುಟವನ್ನು ಯಾರೋ ಒಬ್ಬ ಅಭಿಮಾನಿ ಬೀಸುತ್ತಲೇ ಬಂದಿದ್ದಾರೆ. ಆ ವಾಹಿನಿಗಳ ಲೆಕ್ಕದಲ್ಲಿ ಆ ನಿಷ್ಠೆಗೆ ಅಂಕಣವಿಲ್ಲ.

ಇಬ್ಬರೂ ಸುಮ್ಮನೆ ಕೂರಲಿಲ್ಲ. ವಾಷಿಂಗ್ಟನ್ ರಾಜ್ಯದ ವಿಟ್ಮನ್ ಕೌಂಟಿಯ ನ್ಯಾಯಾಲಯಕ್ಕೆ ಹೋದರು. ಹೊರಟುನಿಂತವರಿಗೆ ಕೂಟದ ಮಂಡಳಿಯಲ್ಲಿ ಮತ ಇರುತ್ತದೆಯೇ ಎಂಬುದು ಪ್ರಶ್ನೆ. ಹತ್ತು ಜನ ಮತ ಹಾಕಿದರೆ ಕೂಟವನ್ನೇ ಮುಚ್ಚಿ ಗಂಟನ್ನು ಹಂಚಿಕೊಂಡು ಹೋಗಬಹುದಿತ್ತಲ್ಲ. ಬಿಡುವ ಸೂಚನೆ ಕೊಟ್ಟವರಿಗೆ ಮತವಿಲ್ಲ ಎಂದು ಬೈಲಾದಲ್ಲೇ ಇದೆ ಎಂಬುದು ಉಳಿದವರ ವಾದ. 2023ರ ನವೆಂಬರಿನಲ್ಲಿ ತಡೆಯಾಜ್ಞೆ ಅವರ ಕಡೆ ಬಂತು, ಡಿಸೆಂಬರಿನಲ್ಲಿ ರಾಜಿಯಾಯಿತು. ಹೆಸರು ಮತ್ತು ಕೂಟದ ಆಸ್ತಿ ಇಬ್ಬರ ಪಾಲಾಯಿತು. ಜನ ಅದನ್ನು ಪ್ಯಾಕ್-2 ಎಂದು ಕರೆದರು.

ಲಾಭವಾದವರಿಗೂ ತಲೆನೋವು ತಪ್ಪಲಿಲ್ಲ. ಯುಸಿಎಲ್‌ಎ ಮತ್ತು ಬರ್ಕ್ಲಿ ಎರಡೂ ಒಂದೇ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ವ್ಯವಸ್ಥೆಯ ಅಂಗಗಳು. ತಮ್ಮ ಹೋಗುವಿಕೆಯಿಂದ ಬರ್ಕ್ಲಿಗೆ ಆದ ನಷ್ಟಕ್ಕೆ ಯುಸಿಎಲ್‌ಎ ವರ್ಷಕ್ಕೆ ಒಂದು ಕೋಟಿ ಡಾಲರ್ ಕೊಡಬೇಕು, ಮೂರು ವರ್ಷ, ಎಂದು ಆಡಳಿತ ಮಂಡಳಿ 2024ರಲ್ಲಿ ತೀರ್ಮಾನಿಸಿತು. ವಿಚ್ಛೇದನದ ನಂತರದ ಜೀವನಾಂಶ ಎಂದು ಅಲ್ಲಿಯ ಪತ್ರಿಕೆಗಳು ತಮಾಷೆ ಮಾಡಿದವು. ಫುಟ್‌ಬಾಲ್ ತಂಡ ವಾರಕ್ಕೊಮ್ಮೆ, ಹೆಚ್ಚಾಗಿ ಶನಿವಾರ, ಆಡುತ್ತದೆ. ವಿಶೇಷ ವಿಮಾನ ಇರುತ್ತದೆ. ಆದರೆ ಕೂಟ ಬದಲಾದರೆ ವಾಲಿಬಾಲ್, ಸಾಫ್ಟ್‌ಬಾಲ್, ಟೆನಿಸ್ ತಂಡಗಳೂ ಬಹುಪಾಲು ಜೊತೆಗೆ ಹೋಗಬೇಕು. ಲಾಸ್ ಏಂಜಲಿಸ್‌ನ ವಾಲಿಬಾಲ್ ಹುಡುಗಿಯೊಬ್ಬಳು ಪರೀಕ್ಷೆಯ ವಾರದಲ್ಲಿ ನ್ಯೂಜೆರ್ಸಿಗೆ ಹೋಗಿ ಬರಬೇಕಾಗುತ್ತದೆ, ಸುಮಾರು 4,000 ಕಿಲೋಮೀಟರ್ ಹೋಗಲು, ಅಷ್ಟೇ ಬರಲು. ಅವಳ ಆಟಕ್ಕಾಗಿ ಯಾರೂ ಆ ಕೂಟವನ್ನು ಕಟ್ಟಲಿಲ್ಲ.

ಒಂದು ಮಾತನ್ನು ಮುಚ್ಚಿಡಬಾರದು. ಇಷ್ಟೆಲ್ಲ ಕೋಟಿಗಳು ಓಡಾಡುವಾಗ ಬಹುಕಾಲ ಆಟಗಾರರಿಗೆ ಸಿಕ್ಕದ್ದು ಶುಲ್ಕ, ಊಟ, ವಸತಿ ಮಾತ್ರ. ಎಸ್‌ಎಂಯು ಹುಡುಗರಿಗೆ ಗುಟ್ಟಾಗಿ ಕೊಟ್ಟದ್ದನ್ನು ಮಹಾಪರಾಧ ಎಂದ ಅದೇ ವ್ಯವಸ್ಥೆ ಕೋಚ್‌ಗಳಿಗೆ ಬಹಿರಂಗವಾಗಿ ಲಕ್ಷಗಟ್ಟಲೆ ಕೊಟ್ಟಿತು. 2021ರಲ್ಲಿ ಸುಪ್ರೀಂ ಕೋರ್ಟ್ 9–0ರಲ್ಲಿ ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟಿತು, ಆಟಗಾರರು ತಮ್ಮ ಹೆಸರಿನ ಮೇಲೆ ಜಾಹೀರಾತಿನ ಹಣ ಪಡೆಯಲು ಅನುಮತಿ ಬಂದದ್ದೂ ಅದೇ ಬೇಸಿಗೆ. 2025ರ ಒಂದು ರಾಜಿ ಒಪ್ಪಂದದ ನಂತರ ಪ್ರತಿ ವಿಶ್ವವಿದ್ಯಾಲಯ ವರ್ಷಕ್ಕೆ ಸುಮಾರು ಎರಡು ಕೋಟಿ ಡಾಲರ್ ತನಕ ನೇರವಾಗಿ ಆಟಗಾರರಿಗೆ ಹಂಚಬಹುದು. ಹಾಗಾಗಿ ಟಿ.ವಿ. ಹಣವನ್ನು ಬರಿದೇ ಶಪಿಸುವವರ ಜೊತೆ ನಾನು ನಿಲ್ಲಲಾರೆ. ಹಳೆಯ ಕೂಟಗಳ ನೆರೆಹೊರೆಯ ಸೊಗಸನ್ನು ಅನುಭವಿಸಿದವರು ಒಬ್ಬರು, ಅದಕ್ಕೆ ಮೈ ಮುರಿದುಕೊಂಡವರು ಇನ್ನೊಬ್ಬರು. ಆದರೆ ಆಟಗಾರನಿಗೆ ಸಂಬಳ ಕೊಡಲು ಪುಲ್‌ಮನ್ ಊರನ್ನು ಹೊರಗೆ ಹಾಕಲೇಬೇಕಿತ್ತು ಎಂಬುದನ್ನೂ ನಾನು ಒಪ್ಪುವುದಿಲ್ಲ. ಅವೆರಡೂ ಬೇರೆ ಬೇರೆ ತೀರ್ಮಾನಗಳು. ಎರಡನೆಯದನ್ನು ತೆಗೆದುಕೊಂಡದ್ದು ಆಟಗಾರರಿಗೆ ಏನೂ ಕೊಡಬಾರದು ಎನ್ನುತ್ತಿದ್ದ ಅದೇ ಮಂದಿ.

ಪ್ಯಾಕ್-12ಕ್ಕೆ ಹೊಸ ಸದಸ್ಯರು ಸಿಕ್ಕಿದ್ದಾರೆ. ಬಾಯ್ಸಿ ಸ್ಟೇಟ್, ಫ್ರೆಸ್ನೊ ಸ್ಟೇಟ್, ಸ್ಯಾನ್ ಡಿಯಾಗೊ ಸ್ಟೇಟ್, ಕೊಲರಾಡೊ ಸ್ಟೇಟ್, ಯೂಟಾ ಸ್ಟೇಟ್, ಟೆಕ್ಸಾಸ್ ಸ್ಟೇಟ್ 2026ಕ್ಕೆ ಬರಲು ಒಪ್ಪಿದವು. ಅವರನ್ನು ಕರೆತಂದದ್ದು ಬಹುಮಟ್ಟಿಗೆ ಮೌಂಟನ್ ವೆಸ್ಟ್ ಎಂಬ ಕೂಟದಿಂದ, ಅಂದರೆ 1998ರಲ್ಲಿ ಡೆನ್ವರ್ ವಿಮಾನ ನಿಲ್ದಾಣದಲ್ಲಿ ರೈಸ್ ಮತ್ತಿತರರನ್ನು ಬಿಟ್ಟು ಎದ್ದು ಹೋದವರು ಕಟ್ಟಿದ ಕೂಟದಿಂದ. ಬಿಟ್ಟುಹೋದವರಿಂದ ನೊಂದವರು ಈಗ ಬೇರೊಬ್ಬರ ಮನೆಯನ್ನು ಅರ್ಧ ಖಾಲಿ ಮಾಡಿದ್ದಾರೆ.

ಅವರು ಬರುವ ತನಕ ಎರಡು ಋತುಗಳನ್ನು ಇಬ್ಬರೇ ಕಳೆಯಬೇಕಿತ್ತು. 2025ರಲ್ಲಿ ಪಂದ್ಯಪಟ್ಟಿ ತುಂಬಲು ಸಾಕಷ್ಟು ಎದುರಾಳಿಗಳು ಸಿಗಲಿಲ್ಲ. ಆದ್ದರಿಂದ ವಾಷಿಂಗ್ಟನ್ ಸ್ಟೇಟ್ ಮತ್ತು ಆರೆಗನ್ ಸ್ಟೇಟ್ ಒಂದೇ ಋತುವಿನಲ್ಲಿ ಪರಸ್ಪರ ಎರಡು ಸಲ ಆಡಿದವು. ನವೆಂಬರ್ 1ರಂದು ಕೊರ್ವಾಲಿಸ್‌ನಲ್ಲಿ, ನಾಲ್ಕು ವಾರ ಬಿಟ್ಟು ಪುಲ್‌ಮನ್‌ನಲ್ಲಿ.